ಒಂದೂಕಾಲು ಇಂಚಿನ ನೀಲಿ

ಮಂಡಕ್ಕಿ ಕಟ್ಟಿದ ಕಾಗದದಲ್ಲಿ ತಂದಿದ್ದರು.
ಎಣ್ಣೆಯ ಜಿಡ್ಡು ಇನ್ನೂ ಆರಿರಲಿಲ್ಲ.
ನನ್ನ ಕತ್ತರಿ, ಟೇಪು, ಸೀಮೆಸುಣ್ಣಗಳ ನಡುವೆ
ಬಿಚ್ಚಿಟ್ಟರು ಹೊನ್ನೂರಸಾಬರು:
ಐದು ಮೂಲೆಯ ಬೆಳ್ಳಿ, ಬೆನ್ನಿಗೆ ಎರಡು ಲಂಗರು,
ಅಂಚಿನಲ್ಲಿ ನಂಬರು, ಹೆಸರು;
ಹೆಸರಿನಲ್ಲಿ ಒಂದಕ್ಷರ ತಪ್ಪು.
"ಪಟ್ಟಿ ಇಲಿ ತಿಂದೈತಿ. ಬ್ಯಾರೆ ಹೊಲದು ಕೊಡು.
ಇಪ್ಪತ್ತಾರಕ್ಕ ಸಾಲಿಗೆ ಕರದಾರ."

ನಾನು ಸಮುದ್ರ ಕಂಡವನಲ್ಲ.
ಕುಂದವಾಡ ಕೆರೆಯ ಏರಿಯ ಮೇಲೆ ನಿಂತು
ಇಷ್ಟೇ ಇದ್ದೀತು, ಮೇಲೊಂದಿಷ್ಟು ಉಪ್ಪು,
ಅಂದುಕೊಂಡವನು.
ಆದರೆ ನೀಲಿ ಗೊತ್ತು ನನಗೆ, ಹನ್ನೊಂದು ಬಗೆ.
ಚೌಕಿಪೇಟೆಯ ಅಂಗಡಿ ಅಂಗಡಿ ಹತ್ತಿಳಿದೆ,
ಇಲಿ ಬಿಟ್ಟ ಚೂರನ್ನು ಬಿಸಿಲಿಗೆ ಹಿಡಿದು:
ಒಂದು ತೀರ ಕಪ್ಪು, ಒಂದು ನವಿಲಿನ ಕಡೆ ವಾಲಿದ್ದು.
ಕೊನೆಗೆ ಹೊಂದಿದ್ದು ನನ್ನದೇ ಚಿಂದಿಯ ಚೀಲದೊಳಗೆ,
ಹೈಸ್ಕೂಲು ಹುಡುಗಿಯರ ಲಂಗ ಕತ್ತರಿಸಿ ಉಳಿದದ್ದು.
ಹೇಳಲೋ ಬೇಡವೋ ಎನ್ನುತ್ತ ಹೇಳಿಯೇಬಿಟ್ಟೆ.
ನಕ್ಕರು. ಆಗ ಕಂಡಿತು,
ಎಡಗೆನ್ನೆಯ ಚರ್ಮ ನಗುವುದಿಲ್ಲ.

ಅಪ್ಪ ಬಿಲ್ಲು ಮಿಡಿದು ಹತ್ತಿ ಹಿಂಜುತ್ತಿದ್ದವನು.
ಮಗ ಕಾಟನ್ ಮಿಲ್ಲಿನ ಬಾಯ್ಲರಿಗೆ ಇದ್ದಿಲು ಎಸೆದವನು.
ಬೆಂಕಿಗೆ ಪಳಗಿದ ಕೈ ಅಂತ
ಹಡಗಿನ ಹೊಟ್ಟೆಗೇ ಇಳಿಸಿದರಂತೆ.
"ಯುದ್ಧ ಮಾಡಿ ಬಂದಾನ ಅಂತಾರ. ನಾ ನೋಡೇ ಇಲ್ಲ.
ಮ್ಯಾಲ ಏನೋ ಸದ್ದು.
ಕೆಳಗ ಮೀಟರಿನ ಮುಳ್ಳು, ಕೆಂಪು ಗೆರಿ, ಬೆವರು."

ಎಪ್ಪತ್ತೊಂದರ ಡಿಸೆಂಬರು, ಬೆಳಗಿನ ಜಾವ,
ಪೈಪು ಸೀಳಿತು. ಇಬ್ಬರನ್ನು ಎಳೆದು ತಂದರು.
ಸರ್ಕಾರದ ಕಾಗದದಲ್ಲಿ ಇಷ್ಟೇ ಇದೆ.
ಲ್ಯಾಮಿನೇಷನ್ ಮಾಡಿಸಿಟ್ಟಿದ್ದಾರೆ;
"ಇಬ್ಬರು" ಅನ್ನುವಲ್ಲಿ ಒಂದು ಗಾಳಿಗುಳ್ಳೆ.

ನಡುವಿನ ಬಿಳಿ ಗೆರೆಗೆ ದಾರ ಎಳೆಯುತ್ತಿದ್ದೆ,
ಕೈ ಹಿಡಿದರು.
"ಅಷ್ಟು ದಪ್ಪ ಬ್ಯಾಡ."

ಯಾಕೆ ಅಂತ ನಾನು ಕೇಳಲಿಲ್ಲ.

"ಒಳಗ ಇನ್ನೊಬ್ಬ ಇದ್ದ. ಕೊಲ್ಲಂ ಕಡಿಯ ಹುಡುಗ.
ಬಾಗಿಲು ನಾನೇ ಮುಚ್ಚಿದೆ.
ಮುಚ್ಚಲಿಲ್ಲಂದ್ರ ಹಡಗಿಲ್ಲ.
ಕಡೀಗೆ ಉಳದ ಸಂದಿ,
ಹಬಿ ತುಂಬಿ, ಬೆಳ್ಳಗ,
ಇಷ್ಟೇ ಇತ್ತು ನೋಡು."
ಉಗುರಿನಿಂದ ಬಟ್ಟೆಗೆ ಗುರುತು ಹಾಕಿದರು.

ಹಾಕಿದ್ದನ್ನು ಬಿಚ್ಚಿ, ಒಂದೇ ಎಳೆ ಪೋಣಿಸಿದೆ.
ಸೂಜಿ ಯಾಕೋ ಎರಡು ಸಲ ಬೆರಳಿಗೆ ಸಿಕ್ಕಿತು.
ಎಂಟು ರೂಪಾಯಿ ಅಂದೆ. ಹತ್ತು ಕೊಟ್ಟು
ಚಿಲ್ಲರೆಗೆ ಕಾದು ನಿಂತರು.

ಇಪ್ಪತ್ತಾರರಂದು ಅಂಗಡಿ ತಡವಾಗಿ ತೆರೆದೆ.
ಸಾಲೆಯ ಗೇಟಿನಾಚೆ ಸೈಕಲ್ಲು ಹಿಡಿದು ನೋಡಿದೆ:
ಅಂಗಳದ ತುಂಬ ಅದೇ ನೀಲಿ,
ಗಾಳಿಗೆ ಸಣ್ಣಗೆ ಅಲೆಯುತ್ತ,
ಅದರ ದಡದಲ್ಲಿ ಅವರು,
ಸೆಲ್ಯೂಟಿಗೆ ಎತ್ತಿದ ಕೈ ಇಳಿಸಲು ಮರೆತು.
ಮುಂದಿನ ಸಾಲಿನ ನಾಲ್ಕೈದು ಲಂಗ ನನ್ನ ಹೊಲಿಗೆಯಲ್ಲ.
ಅಂಚು ಮಡಚಿದ್ದು ಸರಿಯಿಲ್ಲ,
ಅಲೆಗೊಮ್ಮೆ ಬಿಳಿ ದಾರ ಕಾಣುತ್ತಿತ್ತು.