ಹಲ್ಲಿನ ಚೀಲ

ವಾಲ್ಪರೈಸೊ ಊರಿನಲ್ಲಿ ಸಮನೆಲ ಕಡಿಮೆ.
ಒಂದಿಷ್ಟು ಬಂದರು, ಒಂದಿಷ್ಟು ಪೇಟೆ,
ಮಿಕ್ಕಿದ್ದೆಲ್ಲ ಏರು.
ನಮ್ಮ ಗುಡ್ಡದ ಹಗ್ಗದ ಗಾಡಿ ರಿಪೇರಿಗೆಂದು ನಿಂತು
ಹಾಗೆಂದು ಬರೆದ ಬೋರ್ಡೂ ಮಾಸಿಹೋಯಿತು.
ಮೊಣಕಾಲು ಮಾತ್ರ ದಿನಾ ಲೆಕ್ಕ ಬರೆದಿಟ್ಟಿತ್ತು.

ಐವತ್ತೆಂಟಕ್ಕೆ ಕೊಂಡೆ ಈ ಸ್ಕೂಟರು.
ಎರಡು ಮೋಟಾರು, ಮುಂದೊಂದು ಹಿಂದೊಂದು,
ಮೂವತ್ತೆರಡು ಕಿಲೋ, ದಪ್ಪ ಟೈರು,
ನಿಂತೇ ಓಡಿಸುವ ಹಲಗೆ.
ಸೀಟಿಲ್ಲವೇ ಎಂದಳು ತಂಗಿ ರೊಸಾಲ್ಬಾ.
ಇಡೀ ದಿನ ಕೂತೇ ಇರುತ್ತೇನಲ್ಲ, ಎಂದೆ,
ಕಂಡವರ ಬಾಯಿಗೆ ಹಲ್ಲು ಕಟ್ಟುತ್ತ.

ಅದೇ ನನ್ನ ಕಸುಬು.
ಬೆಳಿಗ್ಗೆ ಏಳೂವರೆಗೆ ಬೆನ್ನಿನ ಚೀಲದಲ್ಲಿ
ಹತ್ತಿಯಲ್ಲಿ ಸುತ್ತಿದ ನಾಲ್ಕೈದು ದವಡೆ:
ಮೀನುಪೇಟೆಯ ಯಜಮಾನಿಯದು, ನಿವೃತ್ತ ಮೇಷ್ಟರದು,
ಹೆಸರು ಬರೆಯಬೇಡಿ ಎಂದ ಒಬ್ಬ ಗಾಯಕನದು.
ಕಲ್ಲುಹಾಸಿನ ಬೀದಿಗೆ ಗಾಲಿ ಇಳಿದದ್ದೇ ತಡ
ಎಲ್ಲ ಒಟ್ಟಿಗೆ ಕಟಕಟ ಶುರು.
ಬೆನ್ನ ಹಿಂದೆ ಆಡಿಕೊಳ್ಳುವುದೆಂದರೆ ಇದೇ ಇರಬೇಕು.

ಏರಿನ ಬುಡದಲ್ಲಿ ಹೆಬ್ಬೆರಳು ಒತ್ತುತ್ತೇನೆ.
ಹೊಗೆಯಿಲ್ಲ, ಗುಡುಗಿಲ್ಲ, ಒಂದು ಸಣ್ಣ ಗುಂಯ್,
ಹೊಟ್ಟೆ ಒಂದು ಗೇಣು ಹಿಂದೆ ಉಳಿದು
ನಾನು ಮುಂದೆ.
ಬ್ರೆಡ್ಡಿನಂಗಡಿ, ನೀಲಿ ತಗಡಿನ ಮನೆ,
ಬಿಸಿಲು ಸರಿದಂತೆ ಸರಿದು ಮಲಗುವ ಮೂರು ನಾಯಿ
ಎಲ್ಲ ಕೆಳಗೆ ಜಾರುತ್ತವೆ.
ಮೊದಲೆಲ್ಲ ಎರಡು ಕಡೆ ನಿಂತು ಉಸಿರು ತೆಗೆಯುತ್ತಿದ್ದೆ,
ಒಂದು ದೀಪದ ಕಂಬ, ಒಂದು ಒಂಟಿ ಹೆಂಗಸಿನ ಕಿಟಕಿ.
ಕಂಬಕ್ಕೇನೂ ಅನಿಸಿರಲಿಕ್ಕಿಲ್ಲ.
ಅವಳು ಕೂಗಿ ಕೇಳಿದಳು ಒಂದು ದಿನ:
ಏನು ದೆಲ್ಮೀರಾ, ನನ್ನ ಮೇಲೆ ಕೋಪವೇ?
ಶನಿವಾರ ಈಗ ಬೇಕೆಂದೇ ನಿಲ್ಲಿಸುತ್ತೇನೆ,
ದಣಿವಿಲ್ಲದಿದ್ದರೂ.

ಒಮ್ಮೆ ಪೊಲೀಸಿನವನು ತಡೆದ, ಮೀಸೆ ಇನ್ನೂ ಮೊಳಕೆ.
ಇಪ್ಪತ್ತೈದು ದಾಟಬಾರದು ಅಮ್ಮ,
ಇದು ಅರವತ್ತು ಮುಟ್ಟುವ ಯಂತ್ರ.
ಮುಟ್ಟುವುದು ಅದು, ನಾನಲ್ಲ.
ಚೀಲದಲ್ಲೇನು?
ತೆರೆದೆ. ನಡುಬೀದಿಯ ಬಿಸಿಲಿನಲ್ಲಿ
ಐದು ಬಾಯಿ ಒಟ್ಟಿಗೆ ಅವನನ್ನು ನೋಡಿ ನಕ್ಕವು.
ಆಮೇಲೆ ದನಿ ತಗ್ಗಿಸಿ ಕೇಳಿದ:
ಮೇಲಿನ ಸಾಲು ಮಾತ್ರವಾದರೆ ಎಷ್ಟಾದೀತು,
ನಮ್ಮ ಅಜ್ಜಿಗೆ.

ಬೀದಿ ಮುಗಿದಲ್ಲಿಂದ ಮನೆಗೆ ನಲವತ್ತೊಂದು ಮೆಟ್ಟಿಲು.
ಅಲ್ಲಿ ಇದರ ಪೌರುಷ ನಡೆಯದು.
ಇಡೀ ಊರು ಹತ್ತಿಸಿದ್ದನ್ನು
ಮನೆ ಹತ್ತಿಸುವವಳು ನಾನೇ,
ಮೂರು ಕಡೆ ಇಳಿಸಿ, ಬೈದು, ಮತ್ತೆ ಎತ್ತಿ.
ಅಡುಗೆಮನೆಯ ಮೂಲೆಯಲ್ಲಿ ತಂತಿ ಸಿಕ್ಕಿಸಿದರೆ
ಕೆಂಪು ಕಣ್ಣು ಬಿಟ್ಟುಕೊಂಡು
ಮೊಲೆಗೆ ಬಾಯಿ ಹಾಕಿದ ಕರುವಿನಂತೆ ಸುಮ್ಮನಾಗುತ್ತದೆ.

ಭಾನುವಾರ ಚೀಲ ಖಾಲಿ.
ಕಡಲ ದಂಡೆ ಹಿಡಿದು ಬಡಗಕ್ಕೆ,
ಮುರಿದ ಕಟ್ಟೆಯ ಮೇಲೆ ಕಡಲಸಿಂಹಗಳು
ಜಾಗಕ್ಕೆ ಜಗಳಾಡುವುದನ್ನು ದಾಟಿ.
ಜೋರು, ಅಜ್ಜಿ, ಜೋರು! ಎನ್ನುತ್ತಾರೆ ಸೈಕಲ್ಲಿನ ಹುಡುಗರು.
ಜೋರು ಮಾಡುವುದಿಲ್ಲ.
ಮಾಡಬಹುದೆಂದು ಹೆಬ್ಬೆರಳಿಗೆ ಗೊತ್ತಿದ್ದರೆ ಸಾಕು.
ಇಪ್ಪತ್ತರಲ್ಲಿ ಇದೇ ದಾರಿಯಲ್ಲಿ
ಒಬ್ಬನ ಬೈಕಿನ ಹಿಂದೆ ಕೂತು ಹೋಗಿದ್ದೆ.
ಎಷ್ಟೋ ಸಲ. ನೆನಪಿರುವುದು
ಅವನ ಜಾಕೀಟಿನ ಹೊಲಿಗೆ ಮಾತ್ರ.
ಕಡಲು ಎಡಗಡೆಗಿದೆ ಎಂದು
ಈಚೆಗೆ ತಿಳಿಯಿತು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ
ಎನ್ನುವವರು ಎನ್ನಲಿ.
ಕಡಲೆ ಬಂದಿದೆ.
ಹಲ್ಲು ನಾನೇ ಮಾಡುತ್ತೇನೆ.

ಬ್ಯಾಟರಿ ಎರಡು ಗೆರೆಗೆ ಇಳಿದಿದೆ, ತಿರುಗಬೇಕು,
ಆ ಬಂಡೆಯ ತನಕ ಹೋಗಿ.