ರಸ ಹಿಂಡಿದ ಮೇಲೆ

ಹುಫೂಫಿನಲ್ಲಿ ರಾತ್ರಿ ಪಾಳಿ ಹತ್ತಕ್ಕೆ ಶುರು.
ಬಾಯ್ಲರಿನ ಹೊಟ್ಟೆಗೆ ಕಿವಿಗೊಟ್ಟು ನಿಲ್ಲುವುದು ನನ್ನ ಕೆಲಸ.
ಹಿಂದೆ ಭಾಲ್ಕಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ
ಕಬ್ಬಿನ ಸಿಪ್ಪೆ ಉರಿಸಿ ಉರಿಸಿ
ಹುಬ್ಬು ಸುಟ್ಟುಕೊಂಡವನು.

ಇಲ್ಲಿ ಕಬ್ಬಿಲ್ಲ.
ಲಾರಿಗಟ್ಟಲೆ ಖರ್ಜೂರ ಬರುತ್ತದೆ,
ರಸ ದಿಬ್ಸ್ ಆಗಿ ಬಾಟಲಿ ಸೇರುತ್ತದೆ,
ಉಳಿದದ್ದು ನನ್ನ ಪಾಲು:
ಬೀಜ, ನಾರು, ಜಿಡ್ಡುಗಟ್ಟಿದ ಹಿಂಡಿ,
ಚಳಿಗಾಲದಲ್ಲಿ ಕಡಿದು ಒಟ್ಟಿದ ಗರಿಯ ರಾಶಿ.

ಕಸದಿಂದ ರಸ ಎಂದು
ನಮ್ಮ ಶಾಲೆಯ ಗೋಡೆಯ ಮೇಲೆ ಬರೆದಿತ್ತು.
ಬರೆದವನು ಕಸ ಮುಟ್ಟಿರಲಿಕ್ಕಿಲ್ಲ.
ಮುಟ್ಟಿದವನಿಗೆ ಗೊತ್ತು ಅದಕ್ಕೂ ಹಠವಿದೆ:
ಬೀಜ ಗಿರಣಿಯ ಹಲ್ಲು ಮುರಿಯುತ್ತದೆ,
ನಾರು ಪಂಪಿನ ಕೊರಳಿಗೆ ಸುತ್ತಿಕೊಳ್ಳುತ್ತದೆ,
ಹಿಂಡಿ ಒಂದು ದಿನ ಬಿಟ್ಟರೆ ಹೆಂಡದಂತೆ ನಾರುತ್ತದೆ.
ಆ ವಾಸನೆಗೆ ಇಲ್ಲಿ ಯಾರೂ ಹೆಸರಿಡುವುದಿಲ್ಲ.

ಬುತೈನಾ ಮೇಡಂ ಇದೇ ಊರಿನವಳು.
ಅವಳಜ್ಜ ಗರಿ ಹೆಣೆದು ಬುಟ್ಟಿ ಮಾಡುತ್ತಿದ್ದನಂತೆ.
ಇವಳು ಅದೇ ಗರಿಯನ್ನು ಬೇಯಿಸಿ, ಅರೆದು,
ಹಂಚಿನ ಮೇಲೆ ರೊಟ್ಟಿ ಒತ್ತಿದ ಹಾಗೆ
ಬಿಸಿ ಅಚ್ಚಿನಲ್ಲಿ ಒತ್ತಿ
ಪೆಟ್ಟಿಗೆ ಎಬ್ಬಿಸುತ್ತಾಳೆ:
ಕಂದು ಬಣ್ಣ, ಅರ್ಧ ಕಿಲೋ ಹಣ್ಣು ಹಿಡಿಸುವಷ್ಟು.
ಮೊದಲನೆಯದನ್ನು ನನ್ನ ಕೈಗಿಟ್ಟು
"ಹೇಗಿದೆ, ವೈಜಿ?" ಅಂದಳು.
ವೈಜಿನಾಥ ಅವಳ ನಾಲಿಗೆಗೆ ಉದ್ದ.

ಮೂಸಿದೆ. ಏನೂ ಹೇಳಲಿಲ್ಲ.
ಉಡಿ ತುಂಬಿದ ದಿನ ಅಕ್ಕನ ಸೆರಗಿನಲ್ಲಿ
ಉತ್ತತ್ತಿ, ಕೊಬ್ಬರಿ ಬಟ್ಟಲು, ಅರಿಶಿಣ ಬೇರು
ಒಂದಕ್ಕೊಂದು ಒರಗಿ ಕೂತಿದ್ದವು.
ಬಟ್ಟೆಗೆ ಗೊತ್ತಿರುತ್ತದೆ ಹೇಗೆ ಹಿಡಿಯಬೇಕೆಂದು.
ಈ ಪೆಟ್ಟಿಗೆ ಇನ್ನೂ ಕಲಿಯಬೇಕು.

ಕಲಿಯಲಿಲ್ಲ.
ದಮ್ಮಾಮಿನ ಬಂದರಿನಲ್ಲಿ ಹನ್ನೊಂದು ದಿನ
ಆಗಸ್ಟಿನ ಬೆವರೊಳಗೆ ನಿಂತ ಸರಕು
ತೆರೆದರೆ ಪೆಟ್ಟಿಗೆಗಳೆಲ್ಲ ನೆನೆದ ಹಪ್ಪಳ,
ಮೂಲೆಮೂಲೆಗೆ ಬೂದು ಬೂಷ್ಟು.
ಮೂರು ಸಾವಿರದ ಇನ್ನೂರು. ಎಲ್ಲಾ ವಾಪಸು.

ಮಾಲೀಕರು ಪ್ಲಾಸ್ಟಿಕ್ಕಿನದೊಂದನ್ನು ಮೇಜಿನ ಮೇಲಿಟ್ಟು ಹೋದರು,
ಮಾತಿಲ್ಲದೆ.
ಅದು ನೆನೆಯುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ,
ಸಾಯುವುದೂ ಇಲ್ಲ.
ಬುತೈನಾ ಅದನ್ನು ಉಗುರಿನಿಂದ ತಟ್ಟುತ್ತಾ
ಬಹಳ ಹೊತ್ತು ಕೂತಿದ್ದಳು.

ಆಮೇಲೆ ಅವಳೇ ಅಂದಳು, ತೊಟ್ಟಿಗೆ ಹಾಕಿ.

ನಾನೂ ಟೇಕ್ ಬಹಾದೂರನೂ ಸಲಿಕೆ ಹಿಡಿದೆವು.
ಗ್ಯಾಸಿನ ತೊಟ್ಟಿಯಲ್ಲಿ
ಡೈರಿಯ ಸಗಣಿಯ ಜೊತೆ, ಹಿಂಡಿಯ ಜೊತೆ
ಪೆಟ್ಟಿಗೆಗಳು ಮುಳುಗಿದವು.
ಮುಚ್ಚಳವೊಂದರ ಅರಬ್ಬಿ ಅಕ್ಷರ
ಸ್ವಲ್ಪ ಹೊತ್ತು ತೇಲಿತು.
"ನಮ್ಮ ಮನೆಯಲ್ಲಿ ಒಂದು ಎಮ್ಮೆ, ಒಂದು ಗುಂಡಿ ಸಾಕಿತ್ತು,"
ಟೇಕ್ ಬಹಾದೂರ ನಕ್ಕ,
"ಇಲ್ಲಿ ಅದೇ ಕೆಲಸಕ್ಕೆ ನಾಲ್ಕು ಮೀಟರು, ಎರಡು ಸೈರನ್ನು."

ಹತ್ತೊಂಬತ್ತನೇ ರಾತ್ರಿ
ಬರ್ನರಿನಲ್ಲಿ ಉರಿ ನೀಲಿಯಾಗಿ, ನೆಟ್ಟಗೆ ನಿಂತಿತು.
ಮೇಲಿನ ಕೊಪ್ಪರಿಗೆಯಲ್ಲಿ ಈ ಸುಗ್ಗಿಯ ರಸ.
ಹಣ್ಣು ಹೊರಲಾರದೆ ಕುಸಿದದ್ದೇ
ಹಣ್ಣಿನ ರಸ ಕುದಿಸುತ್ತಿತ್ತು.
ಇದನ್ನು ಸೋಲು ಅನ್ನಬೇಕೋ ಏನೋ.
ಒತ್ತಡ ನೋಡಿ ಪುಸ್ತಕದಲ್ಲಿ ಬರೆದೆ:
ಆರೂವರೆ. ಸರಿ ಇದೆ.

ಬೆಳಗ್ಗೆ ಬುತೈನಾ ಬಂದಳು, ಕೈಯಲ್ಲಿ ಹೊಸ ಪೆಟ್ಟಿಗೆ.
ಒಳಗೂ ಹೊರಗೂ ಖರ್ಜೂರದ ಬೀಜದ ಎಣ್ಣೆ,
ಮೇಲೆ ಮೇಣ, ಇನ್ನೂ ಏನೇನೋ, ಹೇಳಲಿಲ್ಲ.
ಉಗಿ ಸೋರುವ ನನ್ನ ಹಳೆಯ ಪೈಪಿನ ಕೆಳಗೆ
ಅರ್ಧ ಕಿಲೋ ಹಣ್ಣು ತುಂಬಿ ಇಟ್ಟಳು.
ರಿಪೇರಿಗೆ ಎರಡು ಸಲ ಅರ್ಜಿ ಕೊಟ್ಟಿದ್ದ ಪೈಪು.
"ಇದನ್ನು ಸದ್ಯ ಸರಿ ಮಾಡಬೇಡ, ವೈಜಿ."

ಇವತ್ತಿಗೆ ಐದನೇ ದಿನ.
ಹನಿ ಬೀಳುತ್ತದೆ, ಉರುಳುತ್ತದೆ, ಹೋಗುತ್ತದೆ.
ಎಡಗಡೆಯ ಮೂಲೆಯೊಂದು
ಕೊಂಚ ಕಪ್ಪಾದ ಹಾಗೆ ಕಾಣುತ್ತದೆ;
ದೀಪದ ನೆರಳೂ ಇರಬಹುದು.
ಬೆರಳಿಟ್ಟು ಒತ್ತಿ ನೋಡಬಹುದು.
ಪಾಳಿ ಮುಗಿಯಲು ಇನ್ನೂ ಎರಡು ತಾಸಿದೆ.