ಹದಿನಾಲ್ಕನೆಯ ದಿನ

ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದೆ
ಹೆಬ್ಬೆರಳಿನಷ್ಟು ಸೀಸೆ,
ತಳದಲ್ಲಿ ಚಿಟಿಕೆ ಬಿಳಿ ಪುಡಿ.
ಚೀಟಿಯ ಮೇಲೆ ಇರುವೆಸಾಲಿನಂಥ ಅಕ್ಷರ:
ಸಂಶೋಧನೆಗೆ ಮಾತ್ರ. ಮನುಷ್ಯರಿಗಲ್ಲ.

ಕಸಬಾ ಪೇಟೆಯ ತಾಲೀಮಿನ ಕೆಮ್ಮಣ್ಣು
ಮುರುಟಿದ ಕಿವಿಯಲ್ಲಿ ಇನ್ನೂ ಇದೆ ಶಹಾಜಿಗೆ.
ಎಡಭುಜದ ಸ್ನಾಯುರಜ್ಜು ಹರಿದು ಐದು ತಿಂಗಳು.
‘ಅಕ್ಕಾ, ನಿಮ್ಮ ಲ್ಯಾಬಿನಲ್ಲೂ ಇದನ್ನೇ ಕೊಟ್ಟಿರಂತೆ.
ಇಲಿಗೆ ವಾಸಿಯಾಯಿತೇ?’

ಆಯಿತು ತಮ್ಮಾ, ಸುಳ್ಳೇಕೆ ಹೇಳಲಿ.
ನಾವೇ ಕತ್ತರಿಸಿದ ಹಿಮ್ಮಡಿಯ ರಜ್ಜು
ಹಗ್ಗ ಹೊಸೆದ ಹಾಗೆ ಎಳೆಗೆ ಎಳೆ ಕೂಡಿತ್ತು.
ಸುತ್ತ ಹೊಸ ರಕ್ತನಾಳ ಚಿಗುರಿದ್ದವು.

‘ಆಮೇಲೆ?’

ಆಮೇಲೆ ಏನಿಲ್ಲ.
ಹದಿನಾಲ್ಕನೆಯ ದಿನ ಬೆಳಿಗ್ಗೆ
ಅದನ್ನು ಕೊಂದೆವು, ಸೀಳಿ ನೋಡಲು.
ವಾಸಿಯಾದದ್ದು ಕಂಡದ್ದೇ ಹಾಗೆ.
ಹದಿನೈದನೆಯ ದಿನದ ಸುದ್ದಿ
ನನ್ನ ವಹಿಯಲ್ಲಿಲ್ಲ.

ಚಿಗುರುವ ನಾಳಕ್ಕೆ ಗಾಯ ಯಾವುದು, ಗಡ್ಡೆ ಯಾವುದು
ಗೊತ್ತಿರುತ್ತದೆಯೇ? ತಿಳಿಯುವಷ್ಟು ಕಾಲ
ಯಾವ ಇಲಿಯನ್ನೂ ನಾವು ಉಳಿಸಲಿಲ್ಲ.

ಅವನು ಸೀಸೆಯನ್ನು ಬೆಳಕಿಗೆ ಹಿಡಿದ.
ಇಪ್ಪತ್ತಮೂರು ವಯಸ್ಸು.
ದಂಗಲ್‌ಗೆ ಇನ್ನು ಆರು ವಾರ.

‘ಕುಂಟುತ್ತಿರಲಿಲ್ಲ ತಾನೇ, ಕೊನೆಗೆ?’

ಇಲ್ಲ ಎಂದೆ.
ನೆಟ್ಟಗೆ ನಡೆದು
ನನ್ನ ಕೈಗೇ ಬಂದಿತ್ತು.